ಮಾಂಟೆರೇಯ ತಣ್ಣೀರಿಗೆ ವೆಟ್‌ಸೂಟಾ, ಡ್ರೈಸೂಟಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಡ್ರೈಸೂಟಿಗೆ. ಎರಡೂ ಕಡಲಲ್ಲಿ ಮುಳುಗುವವರು ತೊಡುವ ಉಡುಗೆಗಳು: ವೆಟ್‌ಸೂಟಿನೊಳಗೆ ನೀರು ಬರುತ್ತದೆ, ಡ್ರೈಸೂಟಿನೊಳಗೆ ನೀರು ಬಾರದೆ ಗಾಳಿ ಇರುತ್ತದೆ. ಕ್ಯಾಲಿಫೋರ್ನಿಯಾದ ಮಾಂಟೆರೇಯಲ್ಲಿ ಕಡಲ ನೀರು ವರ್ಷದ ಬಹುಪಾಲು 10ರಿಂದ 14 ಡಿಗ್ರಿ ಸೆಲ್ಸಿಯಸ್. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿಯಲ್ಲಿ ಮುಳುಗು ಹಾಕಿ ಕಲಿತವರಿಗೆ ಇದು ಬೇರೆಯೇ ಲೋಕ. ಅಲ್ಲಿ ತೆಳ್ಳಗಿನ ಸೂಟು ಸಾಕು. ಇಲ್ಲಿ ಫೋಟೋ ಚೆನ್ನಾಗಿ ಬರುತ್ತದೋ ಇಲ್ಲವೋ ಅನ್ನುವುದೂ ಸೂಟಿನ ಮೇಲೇ ನಿಂತಿದೆ.

ನನ್ನ ರೂಢಿ ಏನು ಅಂತ ಹೇಳಿದರೆ ಈ ಹೋಲಿಕೆ ಅರ್ಥವಾಗುತ್ತದೆ. ನಾನು ತೆಗೆಯುವುದು ನ್ಯೂಡಿಬ್ರಾಂಕ್‌ಗಳ ಫೋಟೋ, ಅಂದರೆ ಚಿಪ್ಪಿಲ್ಲದ ಕಡಲ ಬಸವನಹುಳುಗಳದ್ದು. ಒಲಿಂಪಸ್ ಟಿಜಿ-6 ಕ್ಯಾಮೆರಾ, ಅದಕ್ಕೊಂದು ಹೌಸಿಂಗ್ (ನೀರು ನುಗ್ಗದ ಪೆಟ್ಟಿಗೆ), ಒಂದು ಸ್ಟ್ರೋಬ್ (ನೀರಡಿಯ ಫ್ಲ್ಯಾಶ್), ಅಷ್ಟೇ. ಒಂದು ಜೀವಿ ಸಿಕ್ಕರೆ ಅದರ ಮುಂದೆಯೇ ಅಲ್ಲಾಡದೆ ಇರುತ್ತೇನೆ.

ವೆಟ್‌ಸೂಟಿನ ಸೋಲು ಇಲ್ಲೇ. ಅದನ್ನು ಮಾಡುವ ನಿಯೊಪ್ರೀನ್ ರಬ್ಬರಿನ ಒಳಗಿರುವ ಸಣ್ಣ ಗುಳ್ಳೆಗಳೇ ನಮ್ಮನ್ನು ಬೆಚ್ಚಗಿಡುವುದು. 10 ಮೀಟರ್ ಆಳಕ್ಕೆ ಇಳಿದರೆ ಒತ್ತಡ ಎರಡರಷ್ಟಾಗುತ್ತದೆ, ಗುಳ್ಳೆಗಳು ಕುಗ್ಗುತ್ತವೆ. ಅಂಗಡಿಯಲ್ಲಿ 7 ಮಿಲಿಮೀಟರ್ ಇದ್ದ ಸೂಟು ಕೆಳಗೆ ಅಷ್ಟು ದಪ್ಪ ಇರುವುದಿಲ್ಲ. ಮಾಂಟೆರೇಯ ಬ್ರೇಕ್‌ವಾಟರ್‌ನ (ಅಲೆ ತಡೆಯುವ ಗೋಡೆ) ಹತ್ತಿರ ನೀರಡಿಯ ಪೈಪಿನ ಗುಂಟ ಸಾಗಿದರೆ ಹೂವಿನಂತೆ ಕಾಣುವ ಬಿಳಿ ಮೆಟ್ರಿಡಿಯಂ ಅನಿಮೋನ್‌ಗಳ ಬಯಲು ಸಿಗುತ್ತದೆ. ಅದು ಸುಮಾರು 15 ಮೀಟರ್ ಆಳದಲ್ಲಿದೆ. ಈಜುತ್ತಾ ಇದ್ದರೆ ಪರವಾಗಿಲ್ಲ, ನಿಂತರೆ ಚಳಿ ಹಿಡಿಯಿತು ಅಂತಲೇ ಲೆಕ್ಕ.

ಕೆಲ್ಪ್ ಅನ್ನುವ ದೊಡ್ಡ ಕಡಲಕಳೆಯ ಎಲೆಗಳ ಮೇಲೆ ಮೆಲಿಬೆ ಲಿಯೊನೈನಾ ಅನ್ನುವ ಒಂದು ನ್ಯೂಡಿಬ್ರಾಂಕ್ ಕೂರುತ್ತದೆ. ಮೈ ಗಾಜಿನಂತೆ ಪಾರದರ್ಶಕ. ತಲೆಯ ಮೇಲೆ ದೊಡ್ಡ ಮುಸುಕು, ಅದರ ಅಂಚಿಗೆ ಸಾಲಾಗಿ ಕೂದಲಿನಂಥ ಎಳೆಗಳು. ಮುಸುಕನ್ನು ಅಗಲಿಸಿ ನಮ್ಮ ಮೀನುಗಾರರ ಬೀಸುಬಲೆಯ ಹಾಗೆ ನೀರಿನಲ್ಲಿ ಕವುಚುತ್ತದೆ. ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಒಳಗೆ ಸಿಕ್ಕ ಪುಟಾಣಿ ಸೀಗಡಿಯಂಥ ಜೀವಿಗಳು ಬಾಯಿಗೆ ಹೋಗುತ್ತವೆ. ನನಗೆ ಬೇಕಾದದ್ದು ಅದು ಪೂರ್ತಿ ಅಗಲಿಸಿದ ಕ್ಷಣ. ಮ್ಯಾಕ್ರೋದಲ್ಲಿ, ಅಂದರೆ ತೀರಾ ಹತ್ತಿರದಿಂದ ತೆಗೆಯುವ ಫೋಟೋದಲ್ಲಿ, ಫೋಕಸ್ ಸಿಗುವುದು ಕೆಲವೇ ಮಿಲಿಮೀಟರ್. ವೆಟ್‌ಸೂಟಿನಲ್ಲಿ ಆ ಕ್ಷಣ ಬರುವ ಹೊತ್ತಿಗೆ ಕೈ ನಡುಗುತ್ತಿರುತ್ತಿತ್ತು. ಎಳೆಗಳು ನೆಟ್ಟಗೆ, ಚೂಪಾಗಿ ಬಂದ ಚಿತ್ರ ಸಿಕ್ಕಿದ್ದು ಡ್ರೈಸೂಟಿನಲ್ಲಿ ಕಾದು ಕೂತಾಗ.

ಆದರೆ ಡ್ರೈಸೂಟಿನಲ್ಲಿ ಒಂದು ತಲೆನೋವಿದೆ. ಅದನ್ನು ಫೋಟೋ ತೆಗೆಯುವವರು ಮಾತ್ರ ಅನುಭವಿಸುತ್ತಾರೆ. ಎಡಗೈಯ ಮಣಿಕಟ್ಟು.

ಕ್ಯಾಮೆರಾದ ಹಿಡಿಯನ್ನು ಬಿಗಿಯಾಗಿ ಹಿಡಿದು ನೋಡಿ. ಮಣಿಕಟ್ಟಿನ ಒಳಭಾಗದಲ್ಲಿ ಎರಡು ಸ್ನಾಯುರಜ್ಜು ಎದ್ದು ನಿಲ್ಲುತ್ತವೆ, ನಡುವೆ ಒಂದು ಸಣ್ಣ ಕಾಲುವೆ ಆಗುತ್ತದೆ. ನೀರು ತಡೆಯಲು ಸೂಟಿನ ತೋಳಿನ ತುದಿಯಲ್ಲಿರುವ ಲೇಟೆಕ್ಸ್ ಸೀಲ್ (ರಬ್ಬರ್ ಪಟ್ಟಿ) ಎಷ್ಟೇ ಬಿಗಿ ಇದ್ದರೂ ಆ ಕಾಲುವೆಯಲ್ಲಿ ನೀರು ಒಳಗೆ ಹರಿಯುತ್ತದೆ. ಮೊದಲು ಒಂದು ತಣ್ಣನೆಯ ಗೆರೆ, ಆಮೇಲೆ ಮೊಣಕೈವರೆಗೂ ಒದ್ದೆ. ಉಳಿದ ಮೈಯೆಲ್ಲ ಬೆಚ್ಚಗಿದ್ದರೂ ಆ ಒಂದು ತೋಳು ಹೆಪ್ಪುಗಟ್ಟುತ್ತದೆ. ಕ್ಯಾಮೆರಾ ಇಲ್ಲದೆ ಇಳಿದರೆ ಅದೇ ಸೂಟಿನಲ್ಲಿ ಒಂದು ಹನಿ ಬರುವುದಿಲ್ಲ!

ಪರಿಹಾರಕ್ಕೆ ಎಲ್ಲವನ್ನೂ ಮಾಡಿ ನೋಡಿದೆ. ಉಂಗುರದಿಂದ ಸೂಟಿನ ತೋಳಿಗೆ ಸೇರುವ ಡ್ರೈ ಗ್ಲೌಸ್ ಕೈಯನ್ನು ಒಣಗಿಸಿ ಇಡುತ್ತದೆ ನಿಜ. ಆದರೆ ಟಿಜಿಯ ಪುಟ್ಟ ಬಟನ್‌ಗಳು ಬೆರಳಿಗೆ ಸಿಗುವುದೇ ಇಲ್ಲ. ಆಳಕ್ಕೆ ಹೋದಂತೆ ಗ್ಲೌಸ್ ಕೈಯನ್ನು ಹಿಂಡುತ್ತದೆ. ಅದು ತಪ್ಪಬೇಕಾದರೆ ಸೀಲಿನಡಿ ಒಂದು ಸಣ್ಣ ದಾರ ತೂರಿಸಿ ಸೂಟಿನ ಗಾಳಿ ಗ್ಲೌಸಿಗೆ ಹೋಗುವಂತೆ ಮಾಡಬೇಕು. ಹಾಗೆ ಮಾಡಿದ ಮೇಲೆ ಗ್ಲೌಸ್ ತೂತಾದರೆ ನೀರು ಸೀದಾ ಸೂಟಿಗೇ ಬರುತ್ತದೆ.

ಕೊನೆಗೆ ಕೆಲಸ ಮಾಡಿದ್ದು ಸರಳ ಉಪಾಯ. ಸೀಲನ್ನು ಮಣಿಕಟ್ಟಿನಿಂದ ಮೂರು ಬೆರಳು ಮೇಲಕ್ಕೆ, ತೋಳು ದುಂಡಗಿರುವ ಕಡೆಗೆ ಏರಿಸಿದೆ. ಲೇಟೆಕ್ಸ್ ಬಿಟ್ಟು ಮೆತ್ತಗಿನ ಸಿಲಿಕೋನ್ ಸೀಲ್ ಹಾಕಿಸಿದೆ. ಕ್ಯಾಮೆರಾ ಹಿಡಿಯ ಕೋನ ಬದಲಿಸಿ ಮಣಿಕಟ್ಟು ಬಾಗದ ಹಾಗೆ ಮಾಡಿಕೊಂಡೆ. ಫೋಟೋ ತೆಗೆಯದಿರುವಾಗ ಕ್ಯಾಮೆರಾ ಎದೆಯ ಮೇಲಿನ ಡಿ-ರಿಂಗಿಗೆ (ಕೊಂಡಿಗೆ) ತಗಲಿಸಿರುತ್ತೇನೆ, ಕೈ ಸಡಿಲ ಇರಲಿ ಅಂತ. ಕೈಗೆ ಸಾಮಾನ್ಯ 5 ಮಿಲಿಮೀಟರ್ ಗ್ಲೌಸ್. ಈಗ ತೋಳು ಒಣಗಿರುತ್ತದೆ.

ಇನ್ನೊಂದು ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಂಡೆಯ ಬಿರುಕಿಗೆ ತಲೆ ತಗ್ಗಿಸಿ ಕ್ಯಾಮೆರಾ ಒಡ್ಡಿದರೆ ಸೂಟಿನ ಗಾಳಿಯೆಲ್ಲ ಪಾದದ ಕಡೆ ಓಡುತ್ತದೆ, ಕಾಲು ಮೇಲಾಗಿ ಮೇಲಕ್ಕೆ ಹಾರಿಬಿಡಬಹುದು. ಡ್ರೈಸೂಟ್ ತರಬೇತಿ ಪಡೆಯದೆ ಇಳಿಯಬೇಡಿ.

ಸೆಮಿಡ್ರೈ, ಅಂದರೆ ನೀರು ಕಡಿಮೆ ಬಿಡುವ ವೆಟ್‌ಸೂಟು, ಕೂಡ ಹಾಕಿ ನೋಡಿದೆ. ಮಾಮೂಲಿ ವೆಟ್‌ಸೂಟಿಗಿಂತ ವಾಸಿ, ನನ್ನ ಕಾಯುವ ಕೆಲಸಕ್ಕೆ ಸಾಲದು. ಮುಳುಗಲು ಕಟ್ಟಿಕೊಳ್ಳುವ ಸೀಸದ ತೂಕ ಡ್ರೈಸೂಟಿಗೇ ಜಾಸ್ತಿ. ಎರಡನೇ ಮುಳುಗಿಗೆ ಗಾಳಿಯಲ್ಲಿ ನಿಂತು ಒದ್ದೆ ಸೂಟು ಏರಿಸುವ ಹಿಂಸೆ ಮಾತ್ರ ಇಲ್ಲ.

ದುಡ್ಡಿನ ಮಾತು. 7 ಮಿಲಿಮೀಟರ್ ವೆಟ್‌ಸೂಟಿಗೆ ಕೆಲವು ನೂರು ಡಾಲರ್ ಸಾಕು, ಹೊಸ ಡ್ರೈಸೂಟು ಸಾವಿರ ದಾಟುತ್ತದೆ. ನಾನು ಸೆಕೆಂಡ್ ಹ್ಯಾಂಡ್ ಕೊಂಡು ಸೀಲ್ ಬದಲಿಸಿದೆ. ಹಳೆಯದು ಕೊಳ್ಳುವುದಾದರೆ ಝಿಪ್ಪನ್ನು ಬಾಗಿಸಿ ನೋಡಿ, ಬಿರುಕಿದ್ದರೆ ಬಿಟ್ಟುಬಿಡಿ. ಝಿಪ್ ಬದಲಿಸುವುದು ಸೀಲಿಗಿಂತ ತುಂಬಾ ದುಬಾರಿ.

ಗೋಪ್ರೋ ಹಿಡಿದು ಕೆಲ್ಪ್ ಕಾಡಿನೊಳಗೆ ಸೀಲ್ ಪ್ರಾಣಿಗಳ ಹಿಂದೆ ಈಜುವವರಿಗೆ, ವರ್ಷಕ್ಕೊಮ್ಮೆ ಬರುವವರಿಗೆ ವೆಟ್‌ಸೂಟೇ ಸರಿ, ಸುಮ್ನೆ ಖರ್ಚು ಬೇಡ. ನನ್ನ ಹಾಗೆ ಒಂದೇ ಎಲೆಯ ಮುಂದೆ ಕಾಯುವವರಾದರೆ ಡ್ರೈಸೂಟು ಬಾಡಿಗೆಗೆ ತೆಗೆದುಕೊಂಡು ನೋಡಿ. ಕ್ಯಾಮೆರಾ ಕೈಯಲ್ಲಿ ಹಿಡಿದೇ ಇಳಿಯಿರಿ, ಬರಿಗೈಯಲ್ಲಿ ನೋಡಿದರೆ ಮಣಿಕಟ್ಟಿನ ಆ ಸೀಲಿನ ಗುಣ ಗೊತ್ತಾಗುವುದಿಲ್ಲ.