ಕಿರಾಣಿ ಅಂಗಡಿಗೆ ಓಎನ್‌ಡಿಸಿ: ಸೇರಬಹುದು, ಆದರೆ ಸ್ಟಾಕ್ ಕೈಯಲ್ಲಿರಲಿ

ಓಎನ್‌ಡಿಸಿ ಆನ್‌ಲೈನ್ ಮಾರಾಟದ ಮುಕ್ತ ಜಾಲ. ಅದನ್ನು ಇನ್ನೊಂದು ಆ್ಯಪ್ ಎಂದುಕೊಂಡು ಸೇರುವ ಅಂಗಡಿಯವರೇ ಹೆಚ್ಚು, ಗೊಂದಲವೂ ಅಲ್ಲಿಂದಲೇ ಶುರು. ಗ್ರಾಹಕರು ಹುಡುಕುವುದು ಒಂದು ಆ್ಯಪ್‌ನಲ್ಲಿ, ನಿಮ್ಮ ಸಾಮಾನಿನ ಪಟ್ಟಿ ಇರುವುದು ಮತ್ತೊಂದರಲ್ಲಿ (ಇದು ಮಾರಾಟದ ಆ್ಯಪ್), ಮನೆಗೆ ತಲುಪಿಸುವವರು ಮೂರನೆಯವರು. ಇವರೆಲ್ಲ ಒಂದೇ ಕಂಪನಿಯಂತೆ ಕೆಲಸ ಮಾಡಲು ಬೇಕಾದ ನಿಯಮಗಳನ್ನು ಈ ಜಾಲ ಕೊಡುತ್ತದೆ. 2022ರ ಸೆಪ್ಟೆಂಬರ್ ಕೊನೆಗೆ ಬೆಂಗಳೂರಿನ 16 ಪಿನ್‌ಕೋಡ್‌ಗಳಲ್ಲಿ ಇದು ಸಾರ್ವಜನಿಕರಿಗೆ ತೆರೆದುಕೊಂಡಿತು.

ಸೇರಲು ಪ್ಯಾನ್, ಬ್ಯಾಂಕ್ ಖಾತೆ, ಜಿಎಸ್‌ಟಿ, ತಿನ್ನುವ ಪದಾರ್ಥಕ್ಕೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ ಬೇಕು. ವಹಿವಾಟು ಜಿಎಸ್‌ಟಿ ಮಿತಿಯೊಳಗಿದ್ದರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆದರೆ ಸಾಕು. ಆಗ ರಾಜ್ಯದೊಳಗೆ ಮಾತ್ರ ಮಾರಬಹುದು.

ಹೆಚ್ಚಿನ ಅಂಗಡಿಗಳು ಎಡವುವುದು ಸ್ಟಾಕ್‌ನಲ್ಲಿ. ಕೌಂಟರ್‌ನಲ್ಲಿ ಕೊನೆಯ ಪೊಟ್ಟಣ ಮಾರಿದ ಮೇಲೂ ಪಟ್ಟಿಯಲ್ಲಿ ಅದು ಉಳಿದಿರುತ್ತದೆ, ಆರ್ಡರ್ ಬರುತ್ತದೆ, ರದ್ದು ಮಾಡಬೇಕಾಗುತ್ತದೆ. ಬಿಲ್ಲಿಂಗ್ ಸಾಫ್ಟ್‌ವೇರ್ ಜೋಡಿಸಲು ಆಗದಿದ್ದರೆ ಸಾವಿರ ಸಾಮಾನು ಹಾಕಲೇಬೇಡಿ. ಬೇಗ ಖರ್ಚಾಗುವ ನೂರು ಸಾಕು. ಪ್ರತಿಯೊಂದರಲ್ಲೂ ಎರಡು ಮೂರು ಪೊಟ್ಟಣ ಕಡಿಮೆ ತೋರಿಸಿ, ಬಾಗಿಲು ತೆರೆದಾಗ ಒಮ್ಮೆ, ಸಂಜೆ ಜನ ಬರುವ ಮೊದಲು ಒಮ್ಮೆ ತಿದ್ದಿ. ಪ್ಯಾಕ್ ಆದ ಸಾಮಾನಿಗೆ ಎಂಆರ್‌ಪಿ, ನಿವ್ವಳ ತೂಕ, ತಯಾರಕರ ಹೆಸರು, ವಿಳಾಸ ತುಂಬಲೇಬೇಕು. ಮ್ಯಾಪ್‌ನ ಗುರುತು ಅಂಗಡಿಯ ಬಾಗಿಲಿಗೇ ಇರಲಿ. ಹಿಂದಿನ ಬೀದಿಗೆ ಬಿದ್ದರೆ ಡೆಲಿವರಿಯವರು ಸುತ್ತಾಡುತ್ತಾರೆ, ನಿಮ್ಮ ರೇಟಿಂಗ್ ಇಳಿಯುತ್ತದೆ.

ದುಡ್ಡಿನ ಲೆಕ್ಕ ಮೊದಲೇ ಹಾಕಿ. ಗ್ರಾಹಕರ ಆ್ಯಪ್‌ಗೆ ಶೇ 3, ನಿಮ್ಮ ಮಾರಾಟದ ಆ್ಯಪ್‌ಗೆ ಶೇ 3 ಎಂದಿಟ್ಟುಕೊಂಡರೆ ₹300ರ ಆರ್ಡರ್‌ಗೆ ₹18 ಹೋಯಿತು. ಎಣ್ಣೆ, ಸಕ್ಕರೆಯಲ್ಲಿ ಸಿಗುವ ಲಾಭವೇ ಅಷ್ಟು! ಆದ್ದರಿಂದ ಮಸಾಲೆ, ಉಪ್ಪಿನಕಾಯಿ, ಹಪ್ಪಳದಂಥವು ಪಟ್ಟಿಯ ಮೇಲ್ಗಡೆ ಇರಲಿ. ಜಿಎಸ್‌ಟಿ ಇದ್ದವರಿಗೆ ಶೇ 0.5 ಟಿಸಿಎಸ್ (ಮಾರಾಟದ ಹಣದಿಂದ ಮೊದಲೇ ಹಿಡಿಯುವ ತೆರಿಗೆ) ಕಡಿತವಾಗುತ್ತದೆ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಪ್ಪಿಗೆ ಕೊಟ್ಟರೆ ಅದು ಅಲ್ಲಿನ ನಿಮ್ಮ ತೆರಿಗೆ ಖಾತೆಯಾದ ಕ್ಯಾಶ್ ಲೆಡ್ಜರ್‌ಗೆ ಬರುತ್ತದೆ. ಇದನ್ನು ಮರೆತು ಕಳೆದುಕೊಳ್ಳುವವರು ಬಹಳ.

ಹಣ ಗ್ರಾಹಕರ ಆ್ಯಪ್‌ನಿಂದ ನಿಮ್ಮ ಆ್ಯಪ್‌ಗೆ, ಅಲ್ಲಿಂದ ನಿಮಗೆ ಬರುವುದರಿಂದ ತಡವಾದಾಗ ಒಬ್ಬರು ಇನ್ನೊಬ್ಬರತ್ತ ಕೈ ತೋರಿಸುತ್ತಾರೆ. ಈ ಜಾಲದ ದೊಡ್ಡ ಕೊರತೆ ಇದೇ. ನಿಮ್ಮ ಒಪ್ಪಂದ ಇರುವುದು ಮಾರಾಟದ ಆ್ಯಪ್ ಜೊತೆ. ಆರ್ಡರ್ ಸಂಖ್ಯೆ ಹಿಡಿದು ಅವರನ್ನೇ ಕೇಳಿ. ಅವರು ಸರಿಯಿಲ್ಲದಿದ್ದರೆ ಜಾಲ ಬಿಡದೆ ಬೇರೆ ಆ್ಯಪ್‌ಗೆ ಹೋಗಬಹುದು, ಒಂದೇ ಕಂಪನಿಯ ಮಾರುಕಟ್ಟೆಯಲ್ಲಿ ಈ ದಾರಿ ಇಲ್ಲ. ಹಾಗೆ ಹೋಗುವಾಗ ಬೇಕಾಗುತ್ತದೆ, ಆದ್ದರಿಂದ ಸೇರುವ ದಿನವೇ ಸಾಮಾನಿನ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಇಳಿಸಿಕೊಳ್ಳಲು ಬಿಡುತ್ತಾರೆಯೇ ಎಂದು ಕೇಳಿಕೊಳ್ಳಿ.