ನಿಲ್ಲಿಸಿದ ಚಿತ್ರಕ್ಕೇ ಮರಳುವ ತಂತ್ರಾಂಶ: ನಾಲ್ಕು ವರ್ಷಗಳ ಬಳಕೆಯ ನಂತರ

ಈ ಫೋಟೊ ನಿರ್ವಹಣಾ ತಂತ್ರಾಂಶದ ಸವಲತ್ತುಗಳ ಪಟ್ಟಿಯನ್ನು ಓದುಗರು ಈಗಾಗಲೇ ನೋಡಿರುತ್ತಾರೆ. ನಾಲ್ಕು ವರ್ಷ ನಾನು ಇದನ್ನು ಬಿಡದೆ ಬಳಸಿದ್ದು ಆ ಪಟ್ಟಿಯಲ್ಲಿ ಎಲ್ಲೋ ಕೊನೆಗೆ ಬರುವ ಒಂದು ಗುಣಕ್ಕಾಗಿ. ಹಿಂದಿನ ರಾತ್ರಿ ಯಾವ ಚಿತ್ರದ ಬಳಿ ಕೆಲಸ ನಿಲ್ಲಿಸಿದ್ದೆನೋ, ಮರುದಿನ ತೆರೆದಾಗ ಅದೇ ಚಿತ್ರವನ್ನು ಅಷ್ಟೇ ಹಿಗ್ಗಿಸಿದ ಅಳತೆಯಲ್ಲಿ ಇದು ತಂದು ಮುಂದಿಡುತ್ತದೆ.

ನನ್ನಂತಹ ಹವ್ಯಾಸಿಗೆ ಇದು ದೊಡ್ಡ ಅನುಕೂಲ. ದಿನದ ಕೆಲಸವೆಲ್ಲ ಮುಗಿದ ಮೇಲೆ ಕೋಣೆಯ ದೀಪ ತಗ್ಗಿಸಿ ಕುಳಿತರೆ ಸಿಗುವುದು ಮುಕ್ಕಾಲು ಗಂಟೆ. ಬಲಗೈ ಬಾಣದ ಕೀಲಿಯ ಮೇಲಿರುತ್ತದೆ, ಎಡಗೈ ಅಂಕಿಗಳ ಮೇಲೆ. ಮೊದಲ ಸುತ್ತಿನಲ್ಲಿ ಕೆಟ್ಟವನ್ನು ಕಳೆಯುವುದಷ್ಟೇ ಕೆಲಸ. ನಕ್ಷತ್ರ ಕೊಡುವುದು ಎರಡನೆಯ ಸುತ್ತಿಗೆ. ಹಕ್ಕಿಯ ಚಿತ್ರ ಬಂದಾಗ ಸ್ಪೇಸ್ ಬಾರ್ ಒತ್ತಿ ನೂರಕ್ಕೆ ನೂರರಷ್ಟು ಹಿಗ್ಗಿಸಿ ಕಣ್ಣಿನಲ್ಲಿ ಫೋಕಸ್ ಕೂತಿದೆಯೇ ಎಂದು ನೋಡುತ್ತೇನೆ, ಮತ್ತೆ ಒತ್ತಿ ಮುಂದಕ್ಕೆ ಹೋಗುತ್ತೇನೆ. ಒಂದು ತಾಸು ತೆಗೆದ ಚಿತ್ರಗಳನ್ನು ಮೂರು ರಾತ್ರಿ ಆರಿಸುವ ಈ ನಿಧಾನದಲ್ಲಿ ನನಗೊಂದು ಸುಖವಿದೆ.

ಕಳೆದ ತಿಂಗಳು ಕ್ಯಾಮೆರಾ ಸಂಸ್ಕರಿಸದೆ ಹಾಗೆಯೇ ಉಳಿಸಿದ 412 ರಾ ಫೈಲ್‌ಗಳ ಒಂದು ಫೋಲ್ಡರ್ ನೋಡುತ್ತಿದ್ದಾಗ ತಂತ್ರಾಂಶ ಯಾವ ಸೂಚನೆಯನ್ನೂ ಕೊಡದೆ ಮುಚ್ಚಿಕೊಂಡಿತು. ಮತ್ತೆ ತೆರೆದೆ. ತನ್ನ ಅಭ್ಯಾಸದಂತೆ ಅದೇ ಚಿತ್ರಕ್ಕೆ ಮರಳಿ, ಎರಡು ಸೆಕೆಂಡ್ ನಿಂತು, ಮತ್ತೆ ಮುಚ್ಚಿಕೊಂಡಿತು. ಆರು ಬಾರಿ ಹೀಗೆಯೇ ಆಯಿತು. ಬೇರೆ ಫೋಲ್ಡರ್‌ಗೆ ಹೋಗಲು ಮೌಸ್ ಅಲ್ಲಿಗೆ ತಲುಪುವಷ್ಟು ಸಮಯವೂ ಸಿಗುತ್ತಿರಲಿಲ್ಲ. ನಾನು ಮೆಚ್ಚಿ ಹೊಗಳುತ್ತಿದ್ದ ಗುಣವೇ ನನ್ನನ್ನು ಹೊರಗಿಟ್ಟು ಬಾಗಿಲು ಹಾಕಿತ್ತು.

ಎಲ್ಲರೂ ಮಾಡುವುದನ್ನೆಲ್ಲ ನಾನೂ ಮಾಡಿದೆ. ಗ್ರಾಫಿಕ್ಸ್ ಡ್ರೈವರ್ ನವೀಕರಿಸಿದೆ, ಪೂರ್ವವೀಕ್ಷಣೆಗೆಂದು ಕೂಡಿಟ್ಟ ತಾತ್ಕಾಲಿಕ ಚಿತ್ರಗಳ ಕ್ಯಾಶ್ ಅಳಿಸಿದೆ. ಮೆಮೊರಿ ಸಾಲುತ್ತಿಲ್ಲವೇನೋ ಎಂದು ಉಳಿದ ಪ್ರೋಗ್ರಾಂಗಳನ್ನೆಲ್ಲ ಮುಚ್ಚಿದೆ. ಈ ಅನುಮಾನದಲ್ಲಿ ಅರ್ಥವಿತ್ತು. 24 ಮೆಗಾಪಿಕ್ಸೆಲ್‌ನ ಚಿತ್ರ ಡಿಸ್ಕ್‌ನಲ್ಲಿ 25 ಎಂಬಿಯಷ್ಟೇ ಇದ್ದರೂ, ಬಿಚ್ಚಿ ಮೂರು ಬಣ್ಣಗಳಿಗೆ ತಲಾ 16 ಬಿಟ್ ಹಂಚಿದಾಗ 144 ಎಂಬಿಗೆ ಏರುತ್ತದೆ. ಆದರೆ ತೊಂದರೆ ಅಲ್ಲಿರಲಿಲ್ಲ. ಕೊನೆಗೆ ತಂತ್ರಾಂಶವನ್ನೇ ತೆಗೆದುಹಾಕಿ ಹೊಸದಾಗಿ ಸ್ಥಾಪಿಸಿದೆ. ಅದು ತೆರೆದದ್ದು ಮತ್ತೆ ಅದೇ ಚಿತ್ರವನ್ನು, ಏಕೆಂದರೆ ತಂತ್ರಾಂಶವನ್ನು ತೆಗೆದರೂ ಚಿತ್ರಗಳ ಲೆಕ್ಕವಿಡುವ ಕ್ಯಾಟಲಾಗ್ ಎಂಬ ಫೈಲ್ ತನ್ನ ಜಾಗದಲ್ಲಿಯೇ ಉಳಿದಿರುತ್ತದೆ, ಎಲ್ಲಿ ನಿಲ್ಲಿಸಿದ್ದೆವು ಎಂಬ ನೆನಪಿರುವುದು ಅದರೊಳಗೆ.

ದಾರಿ ಸಿಕ್ಕಿದ್ದು ಹೊರಗಿನಿಂದ. ತಂತ್ರಾಂಶ ಮುಚ್ಚಿರುವಾಗ ಆ ಫೋಲ್ಡರ್‌ನ ಹೆಸರನ್ನು ಬದಲಿಸಿದೆ. ಈ ಬಾರಿ ಫೈಲ್ ಕಾಣೆಯಾಗಿದೆ ಎಂದು ದೂರುತ್ತಾ ಅದು ಶಾಂತವಾಗಿ ತೆರೆದುಕೊಂಡಿತು. ಮುಚ್ಚಿಕೊಳ್ಳುವಾಗ ಪರದೆಯ ಮೇಲಿದ್ದದ್ದು 147ನೆಯ ಚಿತ್ರವಾದ್ದರಿಂದ ಅದೇ ತಪ್ಪಿತಸ್ಥ ಎಂದುಕೊಂಡು ಅದನ್ನು ಬೇರೆಡೆಗೆ ಸರಿಸಿದೆ, ಪ್ರಯೋಜನವಾಗಲಿಲ್ಲ. ಆಮೇಲೆ ಹೊಸ ಕ್ಯಾಟಲಾಗ್ ಮಾಡಿ, ಉಳಿದ ಫೈಲ್‌ಗಳನ್ನು ಎರಡು ಪಾಲು ಮಾಡಿ, ತಂತ್ರಾಂಶವನ್ನು ಮುಚ್ಚಿಸುವ ಪಾಲನ್ನು ಮತ್ತೆ ಎರಡಾಗಿಸುತ್ತಾ ಹೋದೆ. ಒಂಬತ್ತು ಸುತ್ತಿಗೆ ಒಂದೇ ಫೈಲ್ ಉಳಿಯಿತು. ಅದು 149ನೆಯದು. ಬಾಣದ ಕೀಲಿ ಒತ್ತಿದೊಡನೆ ಚಿತ್ರ ಮೂಡಲಿ ಎಂದು ತಂತ್ರಾಂಶ ಮುಂದಿನ ಒಂದೆರಡು ಚಿತ್ರಗಳನ್ನು ಮೊದಲೇ ಬಿಚ್ಚಿಟ್ಟುಕೊಳ್ಳುತ್ತದೆ. ಹೀಗಾಗಿ ನಾನು ನೋಡುತ್ತಿದ್ದುದು ಒಂದನ್ನು, ಅದು ಮುಗ್ಗರಿಸುತ್ತಿದ್ದುದು ಇನ್ನೊಂದರ ಮೇಲೆ.

ಉಳಿದ ಫೈಲ್‌ಗಳೆಲ್ಲ 22ರಿಂದ 28 ಎಂಬಿ ಇದ್ದರೆ, ಇದು 9 ಎಂಬಿ ಇತ್ತು. ಫೈಲ್‌ಗಳನ್ನು ಗಾತ್ರದ ಪ್ರಕಾರ ಜೋಡಿಸಿದ್ದರೆ ಇದು ಒಂದೇ ಕ್ಲಿಕ್ಕಿಗೆ ಸಿಗುತ್ತಿತ್ತು ಎಂಬುದು ಹೊಳೆದದ್ದು ಆಮೇಲೆ. ಥಂಬ್‌ನೇಲ್ ಮಾತ್ರ ಏನೂ ಆಗಿಲ್ಲವೆಂಬಂತೆ ಚೊಕ್ಕವಾಗಿತ್ತು. ಹಲವು ಕ್ಯಾಮೆರಾಗಳು ರಾ ಫೈಲ್‌ನ ಮುಂಭಾಗದಲ್ಲಿ ಥಂಬ್‌ನೇಲ್‌ಗೆ ಒದಗುವ ಒಂದು ಸಿದ್ಧ ಜೆಪೆಗ್ ಚಿತ್ರವನ್ನು ಅಡಗಿಸಿಟ್ಟು, ಸೆನ್ಸರ್‌ನ ದತ್ತಾಂಶವನ್ನು ಅದರ ಹಿಂದೆ ಬರೆಯುತ್ತವೆ. ಫೈಲ್ ಅರ್ಧಕ್ಕೇ ತುಂಡಾದರೂ ಜೆಪೆಗ್‌ಗೆ ಪೆಟ್ಟಾಗುವುದಿಲ್ಲ.

ಕುತೂಹಲಕ್ಕೆ ಆ ಫೈಲನ್ನು ಡಿಸಿರಾಗೆ (dcraw) ಕೊಟ್ಟೆ. ಡೇವ್ ಕಾಫಿನ್ 1997ರಲ್ಲಿ ಆರಂಭಿಸಿದ, ಗುಂಡಿಯೂ ಕಿಟಕಿಯೂ ಇಲ್ಲದ, ಆದೇಶ ಬೆರಳಚ್ಚಿಸಿ ನಡೆಸುವ, ರಾ ಫೈಲ್ ಬಿಚ್ಚುವ ಪುಟ್ಟ ಪ್ರೋಗ್ರಾಂ ಅದು. ಫೈಲ್ ಅನಿರೀಕ್ಷಿತವಾಗಿ ಮುಗಿದುಹೋಗಿದೆ ಎಂದು ಒಂದು ಸಾಲಿನಲ್ಲಿ ಹೇಳಿ, ಇದ್ದಷ್ಟು ಭಾಗವನ್ನು ಬಿಡಿಸಿಕೊಟ್ಟಿತು. ಮೇಲೆ ಜೊಂಡು, ಅದರ ಹಿಂದೆ ನೀರು; ಮಿಂಚುಳ್ಳಿಯ ಕೊಕ್ಕು ಕಾಣುವಷ್ಟರಲ್ಲಿ ಚಿತ್ರ ಮುಗಿದು ಕೆಳಗೆಲ್ಲ ಬಣ್ಣವಿಲ್ಲದ ಪಟ್ಟೆ. ನನ್ನ ಸಿಟ್ಟು ನಿಜಕ್ಕೂ ಏರಿದ್ದು ಆಗ. ಹಣ ತೆಗೆದುಕೊಳ್ಳುವ ತಂತ್ರಾಂಶಕ್ಕೆ ಈ ಒಂದು ಸಾಲು ಹೇಳಲು ಬರುವುದಿಲ್ಲವೇ? ಕ್ರ್ಯಾಶ್ ವರದಿಯನ್ನು ನಾಲ್ಕು ಬಾರಿ ಕಳುಹಿಸಿದೆ. ಬಂದ ಒಂದೇ ಉತ್ತರದಲ್ಲಿ ಗ್ರಾಫಿಕ್ಸ್ ಡ್ರೈವರ್ ನವೀಕರಿಸುವಂತೆ ಸಲಹೆಯಿತ್ತು.

ತಪ್ಪಿನ ಒಂದು ಪಾಲು ನನ್ನದು ಎಂಬುದನ್ನೂ ಹೇಳಬೇಕು. ಕಾರ್ಡ್‌ನಿಂದ ಚಿತ್ರಗಳನ್ನು ತಂತ್ರಾಂಶಕ್ಕೆ ತರುವ ಇಂಪೋರ್ಟ್ ನಡೆಯುತ್ತಿದ್ದಾಗ ಕಾರ್ಡ್ ರೀಡರ್‌ನ ಸಡಿಲ ಕೇಬಲ್‌ಗೆ ನನ್ನ ಮೊಣಕೈ ತಾಗಿತ್ತು. ಮತ್ತೆ ಸಿಕ್ಕಿಸಿ ಇಂಪೋರ್ಟ್ ಮುಂದುವರಿಸಿದಾಗ, ಆ ಹೆಸರಿನ ಫೈಲ್ ಈಗಾಗಲೇ ಇದೆಯೆಂದು ತಂತ್ರಾಂಶ ಅದನ್ನು ಬಿಟ್ಟು ಮುಂದೆ ಹೋಯಿತು. ಗಾತ್ರವನ್ನು ಹೋಲಿಸಿ ನೋಡಲಿಲ್ಲ. ಎಲ್ಲ 412 ಬಂದಿವೆ ಎಂಬ ಸಂದೇಶವನ್ನು ನಂಬಿ ನಾನು ಅಂದೇ ಕಾರ್ಡ್ ಫಾರ್ಮ್ಯಾಟ್ ಮಾಡಿದ್ದೆ.

ಐದಕ್ಕೆ ಮೂರು ನಕ್ಷತ್ರ ಕೊಡುತ್ತೇನೆ. ಒಂದು ಕಡಿತ ಮೌನವಾಗಿ ಮುಚ್ಚಿಕೊಂಡದ್ದಕ್ಕೆ, ಇನ್ನೊಂದು ಆ ಡ್ರೈವರ್ ಉತ್ತರಕ್ಕೆ. ಪ್ರತಿ ತಿಂಗಳು ಬಾಡಿಗೆ ಕೇಳುವ ತಂತ್ರಾಂಶಗಳು ನನ್ನ ಹವ್ಯಾಸದ ಖರ್ಚಿಗೆ ಹೊಂದುವುದಿಲ್ಲ. ಇದನ್ನು ಒಮ್ಮೆ ಕೊಂಡದ್ದಷ್ಟೇ, ಆದ್ದರಿಂದ ಬಿಡುವ ಯೋಚನೆಯಿಲ್ಲ. ವೃತ್ತಿಯಲ್ಲಿರುವವರು ಇದೊಂದನ್ನೇ ನೆಚ್ಚಿಕೊಳ್ಳಬಾರದು. ನಾನೀಗ ಫೈಲ್‌ಗಳನ್ನು ಮೊದಲು ಕೈಯಾರೆ ಡಿಸ್ಕ್‌ಗೆ ನಕಲಿಸಿ, ಕಾರ್ಡ್‌ನ ಮತ್ತು ಫೋಲ್ಡರ್‌ನ ಒಟ್ಟು ಗಾತ್ರ ತಾಳೆ ನೋಡಿ, ಆಮೇಲೆ ಕ್ಯಾಟಲಾಗ್‌ಗೆ ಸೇರಿಸುತ್ತೇನೆ. 149ರೊಳಗಿದ್ದ ಜೆಪೆಗ್ಗನ್ನು ಡಿಸಿರಾದಿಂದಲೇ ಹೊರತೆಗೆದೆ; ಅದು ಪೂರ್ಣ ಅಳತೆಯದಾಗಿತ್ತು. ನೆರಳಿನ ಭಾಗವನ್ನು ಬೆಳಗಿಸಲು ಹೋದರೆ ಕಲೆಗಳು ಏಳುತ್ತವೆ, ಆದರೆ ಮಿಂಚುಳ್ಳಿಯ ಕಣ್ಣಿನಲ್ಲಿ ಫೋಕಸ್ ಕೂತಿದೆ. ಅದಕ್ಕೆ ನಾಲ್ಕು ನಕ್ಷತ್ರ ಕೊಟ್ಟಿದ್ದೇನೆ.