ಸೋಪಿನ ಅಚ್ಚಿಗೆ ಚಾಕೊಲೇಟ್ ಹೊಯ್ಯಬೇಡಿ, ನಾನು ಹೊಯ್ದು ಕೆಟ್ಟೆ

ಚೌತಿ ಮುಗಿದು ಹತ್ತು ದಿನವಾಯಿತು. ನಾಚಿಕೆ ಸ್ವಲ್ಪ ಇಳಿದಿದೆ, ಅದಕ್ಕೇ ಈಗ ಬರೆಯುತ್ತಿದ್ದೇನೆ. ಮುಂದೆ ದೀಪಾವಳಿ ಇದೆ. ಮನೆಯಲ್ಲೇ ಚಾಕೊಲೇಟ್ ಮಾಡಿ ಹಂಚುವವರು, ಮಾರುವವರು ಈಗಲೇ ಮೋಲ್ಡ್ ಹುಡುಕಲು ಶುರು ಮಾಡಿರುತ್ತೀರಿ. ನನ್ನ ಒಂದೂವರೆ ಕೆಜಿ ಚಾಕೊಲೇಟ್ ಕಸದ ಬುಟ್ಟಿ ಸೇರಿದ ಕಥೆ ಓದಿ, ಆಮೇಲೆ ಹುಡುಕಿ.

ನಾವಿರುವುದು ಕಾರವಾರದ ಕೋಡಿಬಾಗದಲ್ಲಿ. ನಮ್ಮ ಕೇರಿಯ ಗಣಪತಿ ಮಂಡಳಿಯವರು ಈ ವರ್ಷ ಮಕ್ಕಳಿಗೆ ಹಂಚಲು 101 ಚಾಕೊಲೇಟ್ ಬೇಕು ಅಂದರು. ಕಮಲದ ಹೂವಿನ ಆಕಾರದಲ್ಲಿ ಇದ್ದರೆ ಚೆಂದ ಅಂತಲೂ ಹೇಳಿದರು. ಮಗನ ಹುಟ್ಟುಹಬ್ಬಕ್ಕೆ ನಾನು ಮಾಡಿದ್ದನ್ನು ಯಾರೋ ತಿಂದು ಹೊಗಳಿದ್ದರಂತೆ. ಹೊಗಳಿಕೆ ಕೇಳಿದರೆ ನಾನು ಯಾವುದಕ್ಕೂ ಇಲ್ಲ ಅನ್ನುವವಳಲ್ಲ. 500 ರೂಪಾಯಿ ಮುಂಗಡ ತಗೊಂಡುಬಿಟ್ಟೆ.

ನನ್ನ ಹತ್ತಿರ ಇದ್ದದ್ದು ಹೃದಯದ ಆಕಾರದ ಒಂದೇ ಒಂದು ಮೋಲ್ಡ್. ಗಣಪತಿಗೆ ಹೃದಯ ಹೊಂದುವುದಿಲ್ಲ. ಆಗ ನೆನಪಾದವಳು ಶಿರಸಿಯ ನಾದಿನಿ. ಅವಳು ಮನೆಯಲ್ಲಿ ಕೊಬ್ಬರಿ ಎಣ್ಣೆ ಸೋಪು ಮಾಡುತ್ತಾಳೆ, ಲಾವಂಚದ್ದು, ನಿಂಬೆಹುಲ್ಲಿನದ್ದು. ಮದುವೆ, ಉಪನಯನದಲ್ಲಿ ಬಂದವರಿಗೆ ಕೊಡುವ ಪುಟ್ಟ ಸೋಪಿಗೆ ಅಂತ ಕಮಲದ ಸಿಲಿಕೋನ್ ಅಚ್ಚು, ರಬ್ಬರಿನ ಹಾಗೆ ಬಗ್ಗುವಂಥದ್ದು, ಇಟ್ಟುಕೊಂಡಿದ್ದಳು. ಒಂದೊಂದು ಗುಂಡಿ ಅರ್ಧ ಲಿಂಬೆಹಣ್ಣಿನಷ್ಟು. ನನಗೆ ಬೇಕಾಗಿದ್ದೂ ಅದೇ. ಫೋನ್ ಮಾಡಿದೆ. ಪಾಪ, ಅವಳು ಕೇಳಿದಳು, "ಅತ್ತಿಗೆ, ಅದು ಸೋಪಿನದ್ದಲ್ವಾ?" ಅಂತ. "ಸಿಲಿಕೋನ್ ಅಲ್ವಾ, ತೊಳೆದರೆ ಹೋಗ್ತದೆ, ನೀನು ಕಳಿಸು" ಅಂದವಳು ನಾನೇ. ಬಸ್ಸಿನಲ್ಲಿ ನಾಲ್ಕು ಅಚ್ಚು ಬಂದವು.

ಬಿಸಿನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಮೂರು ಸಲ ತೊಳೆದೆ. ಮೂಗಿಗೆ ಹಿಡಿದು ನೋಡಿದೆ, ಏನೂ ಇಲ್ಲ. ಕಾಂಪೌಂಡ್ ಸ್ಲ್ಯಾಬ್, ಅಂದರೆ ಕರಗಿಸಿ ಹೊಯ್ಯುವ ಚಾಕೊಲೇಟ್ ಗಟ್ಟಿ, ಕರಗಿಸಿ ಹೊಯ್ದೆ. ಬೆಳಿಗ್ಗೆ ಅಚ್ಚು ಬಗ್ಗಿಸಿದರೆ ಒಂದೊಂದು ಹೂವೂ ಎಸಳು ಎಸಳಾಗಿ, ಮುರಿಯದೆ ಎದ್ದು ಬಂತು. ಏನು ಹೊಳಪು! ಫೋಟೋ ತೆಗೆದು ಅಕ್ಕತಂಗಿಯರ ಗುಂಪಿಗೆಲ್ಲ ಕಳಿಸಿದೆ. ಅಷ್ಟರಲ್ಲಿ ಮಗ ಒಂದನ್ನು ಬಾಯಿಗೆ ಹಾಕಿಕೊಂಡ. ಎರಡು ಸಲ ಅಗಿದ. ಮುಖ ಕಿವಿಚಿ ಹೇಳಿದ, "ಅಮ್ಮಾ, ಇದು ಶಿರಸಿ ಅತ್ತೆ ಮನೆ ಬಾತ್‌ರೂಮಿನ ವಾಸನೆ."

ನಾನೂ ತಿಂದೆ. ನಾಲಗೆಯ ಮೇಲೆ ಮೊದಲು ಚಾಕೊಲೇಟ್, ಹಿಂದಿನಿಂದ ಲಾವಂಚ. ನೀರು ಕುಡಿದರೂ ಹೋಗಲಿಲ್ಲ.

ಆಮೇಲೆ ಕೂತು ಯೋಚಿಸಿದರೆ ಎಲ್ಲ ಸರಳ. ಸಿಲಿಕೋನ್ ನೋಡಲು ನುಣುಪು, ಆದರೆ ಸುಗಂಧದ ಎಣ್ಣೆಯನ್ನು ಹೀರಿ ಇಟ್ಟುಕೊಳ್ಳುತ್ತದೆ. ನೀರಿಗೆ ಅದು ಬಿಡುವುದಿಲ್ಲ, ಯಾಕೆಂದರೆ ಎಣ್ಣೆ ನೀರಿನಲ್ಲಿ ಕರಗುವುದಿಲ್ಲ. ಚಾಕೊಲೇಟಿನಲ್ಲಿ ಇರುವುದೇ ಕೊಬ್ಬು. ಬೆಚ್ಚಗಿನ ಕೊಬ್ಬು ಬಂದು ಕೂತರೆ ಒಳಗಿದ್ದ ವಾಸನೆಯೆಲ್ಲ ಅದಕ್ಕೆ ಇಳಿಯುತ್ತದೆ. ಅನುಮಾನಕ್ಕೆ ಅಂತ ಒಂದು ಅಚ್ಚನ್ನು ನೀರಲ್ಲಿ ಹಾಕಿ ಕುದಿಸಿದೆ. ಅಡುಗೆಮನೆ ತುಂಬ ಲಾವಂಚ. ಕುದಿಸಿ ಒಣಗಿಸಿದ ಮೇಲೆ ಮತ್ತೆ ಎರಡು ಚಮಚ ಚಾಕೊಲೇಟ್ ಹೊಯ್ದು ನೋಡಿದೆ. ವಾಸನೆ ಸ್ವಲ್ಪ ಕಡಿಮೆ, ಆದರೆ ಇದ್ದೇ ಇತ್ತು.

ವಾಸನೆಯಾದರೂ ಹೋಗಲಿ. ನಾದಿನಿ ಮಾಡುವ ಸೋಪಿಗೆ ಕಾಸ್ಟಿಕ್ ಸೋಡಾ ಬೇಕು, ಅದಿಲ್ಲದೆ ಎಣ್ಣೆ ಸೋಪಾಗುವುದಿಲ್ಲ. ಸೋಪು ಹದಕ್ಕೆ ಬಂದ ಮೇಲೆ ಕಾಸ್ಟಿಕ್ ಉಳಿಯುವುದಿಲ್ಲ, ಸರಿ. ಆದರೆ ಅಚ್ಚಿಗೆ ಹೊಯ್ಯುವಾಗ ಅದು ಹಸಿ ಹಿಟ್ಟು, ಕೈಗೆ ತಾಗಿದರೆ ಉರಿಯುವಂಥದ್ದು. ಅದೇ ಅಚ್ಚಿಗೆ ನಾನು ಮಕ್ಕಳು ತಿನ್ನುವುದನ್ನು ಹೊಯ್ದಿದ್ದೆ. ಇದು ಹೊಳೆದಾಗ ಕೈಕಾಲು ತಣ್ಣಗಾಯಿತು. ಮಗನಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಅಷ್ಟೂ ಹೂವನ್ನು ಎಸೆದೆ. ಮನೆಯವರು "ಕೇಕಿಗೆ ಹಾಕಬಹುದಲ್ವಾ" ಅಂದರು. ಅವರ ಕಡೆ ಒಂದು ಸಲ ನೋಡಿದೆ, ಸುಮ್ಮನಾದರು.

ಆನ್‌ಲೈನಿನಲ್ಲಿ ಕೊಳ್ಳುವವರಿಗೂ ಇದೇ ಮಾತು. ಫೋಟೋದಲ್ಲಿ ಚಾಕೊಲೇಟ್ ಇಟ್ಟಿರುತ್ತಾರೆ. ಕೆಳಗೆ ವಿವರ ಓದಿದರೆ ಸೋಪು, ಮೇಣದಬತ್ತಿ, ರೆಸಿನ್ (ಹೊಯ್ದರೆ ಗಟ್ಟಿಯಾಗುವ ರಾಸಾಯನಿಕ ಅಂಟು), ಚಾಕೊಲೇಟ್ ಎಲ್ಲಕ್ಕೂ ಒಂದೇ ಅಚ್ಚು ಅಂತ ಬರೆದಿರುತ್ತದೆ. ಫುಡ್ ಗ್ರೇಡ್, ಅಂದರೆ ಆಹಾರಕ್ಕೆ ಬಳಸಬಹುದು ಅಂತ ಸ್ಪಷ್ಟವಾಗಿ ಇಲ್ಲದಿದ್ದರೆ ಬಿಟ್ಟುಬಿಡಿ. ಹಿಂಡಿದಾಗ ಅಥವಾ ತಿರುಚಿದಾಗ ಬೆಳ್ಳಗಾದರೆ ಅದರಲ್ಲಿ ಬೇರೆ ಪುಡಿ ಬೆರೆಸಿದ್ದಾರೆ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹಿಂಡಿ ನೋಡುತ್ತೇನೆ, ಆದರೆ ಅದೇ ಪಕ್ಕಾ ಪರೀಕ್ಷೆ ಅಂತ ನಂಬಬೇಡಿ. ಮೊದಲೇ ಯಾರೋ ರೆಸಿನ್ ಕೀಚೈನ್ ಮಾಡಿದ ಅಚ್ಚು ಅಂತೂ ಪುಕ್ಕಟೆ ಕೊಟ್ಟರೂ ಬೇಡ.

ಕಥೆ ಇಲ್ಲಿಗೇ ಮುಗಿದಿದ್ದರೆ ಅರ್ಧ ನಷ್ಟದಲ್ಲಿ ಪಾರಾಗುತ್ತಿದ್ದೆ. ಹಂಚಲು ಇನ್ನೂ ಎರಡು ದಿನ ಇತ್ತು. ಪೇಟೆಗೆ ಓಡಿ ಮತ್ತೆ ಮೂರು ಸ್ಲ್ಯಾಬ್ ತಂದೆ, ಜೊತೆಗೆ ತೆಳು ಪಾರದರ್ಶಕ ಪ್ಲಾಸ್ಟಿಕ್ ಮೋಲ್ಡ್. ಕಮಲ ಸಿಗಲಿಲ್ಲ, ಗುಲಾಬಿ ಸಿಕ್ಕಿತು. ಗಡಿಬಿಡಿಯಲ್ಲಿ ಮೈಕ್ರೋವೇವಿನಲ್ಲಿ ಒಂದೇ ಸಲ ಎರಡು ನಿಮಿಷ ಇಟ್ಟೆ. ಅರ್ಧರ್ಧ ನಿಮಿಷಕ್ಕೆ ತೆಗೆದು ಕಲಸಬೇಕು ಅಂತ ಗೊತ್ತಿಲ್ಲದೆ ಅಲ್ಲ. ಬಿಸಿ ಜಾಸ್ತಿಯಾಗಿತ್ತು, ಹಾಗೇ ಹೊಯ್ದೆ. ಕಣ್ಣೆದುರೇ ಮೋಲ್ಡಿನ ತಳ ಸೊಟ್ಟಗಾಯಿತು. ಆ ಗುಲಾಬಿಗಳು ಗುಲಾಬಿಯೂ ಅಲ್ಲ, ಎಲೆಕೋಸೂ ಅಲ್ಲ. ಉಳಿದದ್ದನ್ನು ಸ್ಟವ್ ಮೇಲೆ ನೀರಿನ ಪಾತ್ರೆಯಲ್ಲಿಟ್ಟು ಕರಗಿಸಲು ಹೋದೆ. ಮುಚ್ಚಳದಿಂದ ಹಬೆಯ ಹನಿ ಬಿತ್ತು, ಇಡೀ ಬಟ್ಟಲು ಮುದ್ದೆಯಾಗಿ ಕೂತಿತು. ನಾಲ್ಕು ಹನಿ ನೀರು ಸಾಕು, ಸಕ್ಕರೆಯೆಲ್ಲ ಒದ್ದೆಯಾಗಿ ಅಂಟಿಕೊಳ್ಳುತ್ತದೆ. ಆ ಮುದ್ದೆ ಮಾತ್ರ ದಂಡವಾಗಲಿಲ್ಲ, ಬಿಸಿ ಹಾಲಿಗೆ ಹಾಕಿ ಕುಡಿದೆವು.

ಅಂತೂ ಇಂತೂ ಅರವತ್ತರಷ್ಟು ಸರಿಯಾದವು. ಗಟ್ಟಿಯಾಗಲಿ ಅಂತ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟೆ. ಚೌತಿ ಅಂತ ಫ್ರಿಜ್ಜಿನಲ್ಲಿ ಬಂಗಡೆ ಇರಲಿಲ್ಲ, ಅಷ್ಟು ಪುಣ್ಯ. ಚಾಕೊಲೇಟ್ ಪಕ್ಕದಲ್ಲಿದ್ದದ್ದರ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಬೆಳಿಗ್ಗೆ ತೆಗೆದು ಮೇಜಿನ ಮೇಲೆ ಹರಡಿ, ಬಣ್ಣದ ಕಾಗದ ಕತ್ತರಿಸಲು ಕೂತೆ. ಐದೇ ನಿಮಿಷ. ಒಂದೊಂದು ಗುಲಾಬಿಯೂ ಬೆವರತೊಡಗಿತು. ಬಟ್ಟೆಯಿಂದ ಒರೆಸಿದೆ. ಸಂಜೆಗೆ ಅಷ್ಟಕ್ಕೂ ಬೂದು ಹಿಡಿದ ಹಾಗೆ ಬಿಳಿ ಮಚ್ಚೆ.

ಅದು ಬೂಷ್ಟು ಅಲ್ಲ. ಗಾಳಿಯ ನೀರು ತಣ್ಣಗಿನ ಚಾಕೊಲೇಟ್ ಮೇಲೆ ಕೂತು ಸಕ್ಕರೆ ಕರಗಿಸುತ್ತದೆ, ನೀರು ಆರಿದ ಮೇಲೆ ಸಕ್ಕರೆ ಬಿಳಿಯಾಗಿ ಉಳಿಯುತ್ತದೆ. ಬೆರಳಾಡಿಸಿದರೆ ತರಿ ತರಿ. ಜಿಡ್ಡು ಜಿಡ್ಡಾಗಿದ್ದು, ಬೆರಳಿನ ಬಿಸಿಗೇ ಮಾಯವಾದರೆ ಅದು ಬೇರೆ, ಕೊಬ್ಬು ಮೇಲೆ ಬಂದದ್ದು. ಎರಡನ್ನೂ ತಿಂದರೆ ಏನಾಗುವುದಿಲ್ಲ. ಆದರೆ ಬಿಳಿ ಮಚ್ಚೆಯ ಚಾಕೊಲೇಟನ್ನು ಗಣಪತಿ ಎದುರು ಮಕ್ಕಳ ಕೈಗೆ ಹೇಗೆ ಕೊಡುವುದು?

ನೋಡುವ ವಿಡಿಯೋಗಳೆಲ್ಲ ಒಣ ಹವೆಯ ಊರಿನವು. ನಮ್ಮ ಕರಾವಳಿಯಲ್ಲಿ ಚೌತಿ ಹೊತ್ತಿಗೆ ಉಪ್ಪಿನ ಡಬ್ಬಿ ತೆಗೆದು ನೋಡಿ, ಉಪ್ಪು ನೀರಾಗಿದ್ದರೆ ಅವತ್ತು ಚಾಕೊಲೇಟ್ ಕೆಲಸ ಬೇಡ. ಮಾಡಲೇಬೇಕಿದ್ದರೆ ಎಸಿ ಇರುವ ಕೋಣೆಯಲ್ಲಿ ಮಾಡಿ. ಅಚ್ಚು ಹತ್ತಿಯಿಂದ ಒರೆಸಿ ಪೂರ್ತಿ ಒಣಗಿರಬೇಕು. ಫ್ರಿಜ್ಜಿನಲ್ಲಿ ಹದಿನೈದು ನಿಮಿಷದಷ್ಟು ಸಾಕು, ರಾತ್ರಿಯಿಡೀ ಬೇಡವೇ ಬೇಡ. ಅಕಸ್ಮಾತ್ ಹೆಚ್ಚು ಹೊತ್ತು ಇಟ್ಟಿದ್ದರೆ ಗಾಳಿಯಾಡದ ಡಬ್ಬಿಯೊಳಗಿಡಿ, ಹೊರಗೆ ತೆಗೆದ ಮೇಲೆ ಡಬ್ಬಿಯ ತಂಪು ಹೋಗುವ ತನಕ ಮುಚ್ಚಳ ಮುಟ್ಟಬೇಡಿ. ಬೆವರು ಬಂದರೂ ಡಬ್ಬಿಯ ಹೊರಗೇ ಬರುತ್ತದೆ.

ನಾನು ಬಳಸಿದ್ದು ಕಾಂಪೌಂಡ್, ಅದರಲ್ಲಿ ಕೋಕೋ ಬಟರ್ (ಕೋಕೋ ಬೀಜದ ಕೊಬ್ಬು) ಬದಲು ಬೇರೆ ಸಸ್ಯದ ಕೊಬ್ಬು, ಹಾಗಾಗಿ ಕರಗಿಸಿ ಹೊಯ್ದರೆ ಆಯಿತು. ಕೋಕೋ ಬಟರ್ ಇರುವ ಕೊವರ್ಚರ್ ಚಾಕೊಲೇಟ್ ತರುವವರು ಥರ್ಮಾಮೀಟರ್ ಇಲ್ಲದೆ ಕೈಹಾಕಬೇಡಿ. ಡಾರ್ಕ್ ಆದರೆ 45ರಿಂದ 50 ಡಿಗ್ರಿ ಸೆಲ್ಸಿಯಸ್‌ಗೆ ಕರಗಿಸಿ, 27ರ ಆಸುಪಾಸಿಗೆ ಇಳಿಸಿ, ಮತ್ತೆ 31ಕ್ಕೆ ಏರಿಸಿ ಹೊಯ್ಯಬೇಕು. ಈ ಹದ ತಪ್ಪಿದರೆ ಆರುವಾಗ ಅದು ಕುಗ್ಗುವುದಿಲ್ಲ, ಕುಗ್ಗದಿದ್ದರೆ ಪಾಲಿಕಾರ್ಬೊನೇಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಮೋಲ್ಡಿನಿಂದ ಬಡಿದರೂ ಬೀಳುವುದಿಲ್ಲ. ನಾದಿನಿ ತೋಟದಲ್ಲಿ ಅಡಿಕೆ ನಡುವೆ ಕೋಕೋ ಗಿಡ ಇದೆ, "ಮನೆಯಲ್ಲೇ ಬೆಳೆದು ಅಂಗಡಿಯಿಂದ ಯಾಕೆ ತರ್ತೀರಿ" ಅಂತ ಅತ್ತೆ ಕೇಳುತ್ತಾರೆ. ಆ ಹುಚ್ಚು ಸದ್ಯಕ್ಕೆ ಬೇಡ.

ಹಂಚುವ ದಿನ ಬೆಳಿಗ್ಗೆ ಮಂಡಳಿಯ ಖಜಾಂಚಿ ಹತ್ತಿರ ಹೋಗಿ ನಡೆದದ್ದೆಲ್ಲ ಹೇಳಿ 500 ರೂಪಾಯಿ ವಾಪಸ್ ಕೊಟ್ಟೆ. "ಅಡ್ಡಿಲ್ಲ ಅಕ್ಕಾ" ಅಂದ. ಮಕ್ಕಳಿಗೆ ಪಂಚಕಜ್ಜಾಯದ ಜೊತೆ ಅಂಗಡಿ ಚಾಕೊಲೇಟ್ ಹೋಯಿತು.

ಅಚ್ಚುಗಳ ಹಿಂದೆ ಮಾರ್ಕರಿನಲ್ಲಿ "ಸೋಪು ಮಾತ್ರ" ಅಂತ ದೊಡ್ಡದಾಗಿ ಬರೆದು ಶಿರಸಿಗೆ ಕಳಿಸಿದೆ. ನಿನ್ನೆ ನಾದಿನಿಯ ಫೋನ್ ಬಂತು. "ಅತ್ತಿಗೆ, ಹೊಸ ಸೋಪು ತೆಗೆದೆ. ಚಾಕೊಲೇಟ್ ವಾಸನೆ ಬರ್ತದೆ. ಬಂದವರೆಲ್ಲ ಇದೇ ಬೇಕು ಅಂತಿದ್ದಾರೆ, ಇನ್ನೊಂದು ಸಲ ಹೊಯ್ದು ಕಳಿಸ್ತೀರಾ?"